ಗೋಸುಂಬೆಗೆ ಜಾಲರಿ ಗೂಡೋ, ಗಾಜಿನ ಪೆಟ್ಟಿಗೆಯೋ?

ದಾವಣಗೆರೆಯಲ್ಲಿ ಯೆಮನ್ ಮೂಲದ ‘ವೇಲ್ಡ್’ ಎಂಬ ಜಾತಿಯ ಗೋಸುಂಬೆ ಸಾಕುವವರಿಗೆ ನನ್ನ ಮಾತು: ಜಾಲರಿ ಗೂಡೇ ತಗೊಳ್ಳಿ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 38 ಡಿಗ್ರಿ ಮುಟ್ಟುತ್ತದೆ. ಗಾಜಿನೊಳಗೆ ಸೇರಿದ ಕಾವು ಬೇಗ ಹೊರಗೆ ಹೋಗಲ್ಲ. ಗೋಸುಂಬೆಯ ಬಣ್ಣ ತಿಳಿಯಾಗಿ, ಬಾಯಿ ತೆರೆದು ಕೂತರೆ ಸೆಕೆ ತಡೆಯಲಾಗುತ್ತಿಲ್ಲ ಅಂತಲೇ ಅರ್ಥ. ಗೂಡಿಗೆ ಹಾಕುವ ಕಾವಿನ ದೀಪದ ಕೆಳಗೆ 30 ಡಿಗ್ರಿ ಆಸುಪಾಸು, ನೆರಳಲ್ಲಿ 24 ಇದ್ದರೆ ಅದಕ್ಕೆ ಹಿತ.

ಗಾಜಿನಲ್ಲಿ ತೇವ ನಿಲ್ಲುತ್ತದೆ, ನಿಜ. ಜಾಲರಿಯಲ್ಲಿ ಬೇಗ ಆರಿಬಿಡುತ್ತದೆ. ಅದಕ್ಕೇ ಒಳಗೆ ದಾಸವಾಳದ ಕುಂಡ ಇಟ್ಟು, ಬೆಳಿಗ್ಗೆ ಮತ್ತು ರಾತ್ರಿ ನೀರು ಸಿಂಪಡಿಸುತ್ತೇನೆ. ಎಲೆ ತುದಿಯ ಹನಿಯನ್ನೇ ಅದು ನೆಕ್ಕುವುದು, ಬಟ್ಟಲಿನ ನೀರು ಮುಟ್ಟೋದು ಅಪರೂಪ. ಹಗಲು ತೇವಾಂಶ ಶೇ. 50 ಸಾಕು, ರಾತ್ರಿ ಜಾಸ್ತಿ ಇರಲಿ. ಚಳಿಗಾಲಕ್ಕೆ ಮೂರು ಬದಿ ಪ್ಲಾಸ್ಟಿಕ್ ಹಾಳೆ ಕಟ್ಟಿದರಾಯಿತು.

ಊರಾಚೆ ಬೇಲಿಯಲ್ಲಿ ಸಿಗುವ ನಮ್ಮ ಗೋಸುಂಬೆಯನ್ನು ಮಾತ್ರ ಹಿಡಿದು ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.