ಕೆಟ್ಟುಹೋದ ಮೂಗಿನ ಆಪರೇಷನ್ ಸರಿಮಾಡಿಸಿಕೊಂಡಿದ್ದು: ಪುಣೆಯ ಒಂದು ಕ್ಲಿನಿಕ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಎರಡನೇ ಆಪರೇಷನ್ ಮಾಡಿದ ಈ ಕ್ಲಿನಿಕ್ ಬಗ್ಗೆ ನನಗೆ ತುಂಬಾ ಸಮಾಧಾನ ಇದೆ. ಮೂಗು ಚೆಂದ ಆಯಿತಾ ಅನ್ನುವುದು ಆಮೇಲಿನ ಮಾತು. ರಾತ್ರಿ ಬಾಯಿ ಮುಚ್ಚಿಕೊಂಡು ಮಲಗಲು ಆಗುತ್ತಿದೆ. ನನಗೆ ಅದೇ ದೊಡ್ಡದು.

ಕ್ಲಿನಿಕ್ ಇರುವುದು ಎರಂಡವಣೆ ಕಡೆ, ನಳ ಸ್ಟಾಪ್ ಮೆಟ್ರೊ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಡಾಕ್ಟರ್ ಹೆಸರು ಇಲ್ಲಿ ಹಾಕುತ್ತಿಲ್ಲ. ನನ್ನ ಮೂಗಿಗೆ ಸರಿಹೋದವರು ನಿಮ್ಮ ಮೂಗಿಗೂ ಸರಿಹೋಗುತ್ತಾರೆ ಅಂತ ಏನಿಲ್ಲ, ಇದರಲ್ಲಿ ಒಂದೊಂದು ಕೇಸೂ ಬೇರೆ. ಮೊದಲ ಸಲ ಮಾಡಿದವರ ಹೆಸರೂ ಬೇಡ. ಆದರೆ ಏನಾಯಿತು, ಹೇಗೆ ಸರಿಮಾಡಿದರು, ಎಲ್ಲಿ ಬೇಜಾರಾಯಿತು, ಎಲ್ಲ ಬರೆಯುತ್ತೇನೆ. ಇಲ್ಲಿನ ನಮ್ಮ ಕನ್ನಡದವರ ಪೈಕಿ ಕೆಲವರು ಸಂಕೋಚದಿಂದ ಪಕ್ಕಕ್ಕೆ ಕರೆದು ಕೇಳುತ್ತಾರೆ. ಮೂಗು ಸರಿಮಾಡಿಸಿಕೊಂಡೆ ಅಂದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಎಲ್ಲರಿಗೂ ಇದೆ. ಅದರಲ್ಲೂ ಒಮ್ಮೆ ಕೆಟ್ಟ ಮೇಲೆ ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ.

ನಾನು ಮೊದಲ ಸಲ ಹೋಗಿದ್ದು ಮೂಗಿನ ಮೇಲಿದ್ದ ದಿಬ್ಬ ತೆಗೆಸಲು. ಸಣ್ಣ ಕೆಲಸ, ಬೇಗ ಮುಗಿಯುತ್ತದೆ ಅಂದಿದ್ದರು. ದಿಬ್ಬ ಹೋಯಿತು, ನಿಜ. ಆದರೆ ಊತ ಇಳಿಯುತ್ತಾ ಬಂದಂತೆ ಮೂಗಿನ ನಡುಭಾಗ ಒಳಗೆ ಕುಸಿಯಿತು. ಮೇಲಿನಿಂದ ಬೆಳಕು ಬಿದ್ದರೆ ಎರಡೂ ಪಕ್ಕ ನೆರಳು ಕಾಣುತ್ತಿತ್ತು. ತುದಿಗಿಂತ ಸ್ವಲ್ಪ ಮೇಲೆ ಮಾಂಸ ಉಬ್ಬಿ ನಿಂತಿತು. ಇದಕ್ಕಿಂತ ಕೆಟ್ಟದ್ದು ಉಸಿರು. ಜೋರಾಗಿ ಎಳೆದುಕೊಂಡರೆ ಬಲಗಡೆಯ ಹೊಳ್ಳೆ ಒಳಗೆ ಅಂಟಿಕೊಂಡುಬಿಡುತ್ತಿತ್ತು. ನನ್ನದು ಪಾಠ ಹೇಳುವ ಕೆಲಸ, ಇಡೀ ದಿನ ಬಾಯಲ್ಲಿ ಉಸಿರಾಡಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ಮೊದಲ ಆಪರೇಷನ್ ಮಾಡಿದವರ ಹತ್ತಿರ ಹೋಗಿ ಕೇಳಿದರೆ ಒಮ್ಮೆ ಊತ ಅಂದರು, ಇನ್ನೊಮ್ಮೆ ನಿಮ್ಮ ಚರ್ಮ ದಪ್ಪ ಅಂದರು, ಮತ್ತೊಮ್ಮೆ ಅಲರ್ಜಿ ಇರಬೇಕು ಅಂತ ಸ್ಪ್ರೇ ಬರೆದುಕೊಟ್ಟರು, ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಯಾಕೆ ಹೀಗಾಗುತ್ತದೆ ಅಂತ ನನಗೆ ಸರಿಯಾಗಿ ಬಿಡಿಸಿ ಹೇಳಿದ್ದು ಎರಡನೇ ಡಾಕ್ಟರೇ. ಮೂಗಿನ ಮೇಲಿನ ಮೂರನೇ ಒಂದು ಭಾಗ ಎಲುಬು, ಉಳಿದದ್ದು ಕಾರ್ಟಿಲೇಜ್, ಅಂದರೆ ಬಾಗುವಂಥ ಮೆತ್ತಗಿನ ಎಲುಬು. ನಡುವಿನ ಗೋಡೆ, ಅಂದರೆ ಸೆಪ್ಟಮ್, ಕಂಬದ ಕೆಲಸ ಮಾಡುತ್ತದೆ. ಅದರ ಎರಡೂ ಪಕ್ಕ ತೆಳ್ಳಗಿನ ಕಾರ್ಟಿಲೇಜ್ ಅಂಟಿಕೊಂಡಿರುತ್ತದೆ. ದಿಬ್ಬ ಕೆತ್ತುವಾಗ ಈ ಅಂಟು ಬಿಡುತ್ತದೆ. ಅದನ್ನು ಮತ್ತೆ ಕೂರಿಸದೆ ಬಿಟ್ಟರೆ ಪಕ್ಕದ ತುಂಡುಗಳು ನಿಧಾನವಾಗಿ ಒಳಗೆ ಜಾರುತ್ತವೆ. ನಾನು ಕನ್ನಡಿಯಲ್ಲಿ ನೋಡುತ್ತಿದ್ದ ನೆರಳಿಗೆ ಇನ್ವರ್ಟೆಡ್ ವಿ, ಅಂದರೆ ತಲೆಕೆಳಗಾದ ವಿ ಅಕ್ಷರ, ಅನ್ನುತ್ತಾರಂತೆ. ಗಾಳಿ ಹೋಗುವ ದಾರಿ ಅತಿ ಕಿರಿದಾಗಿರುವುದು ಅದೇ ಜಾಗದಲ್ಲಿ, ಹಾಗಾಗಿ ಅಲ್ಲಿ ಸ್ವಲ್ಪ ಕುಸಿದರೂ ಉಸಿರು ಕಟ್ಟುತ್ತದೆ. ತುದಿಯ ಮೇಲಿನ ಉಬ್ಬಿಗೆ ಪಾಲಿಬೀಕ್, ಅಂದರೆ ಗಿಳಿಯ ಕೊಕ್ಕು, ಅಂತ ಹೆಸರು. ಮೂಗಿನ ಆಪರೇಷನ್ ಮಾಡಿಸಿಕೊಂಡ ನೂರು ಜನರಲ್ಲಿ ಸುಮಾರು 5ರಿಂದ 15 ಮಂದಿಗೆ ಎರಡನೇ ಸಲ ಬೇಕಾಗುತ್ತದೆ ಅಂತ ವೈದ್ಯರೇ ಸಾಮಾನ್ಯವಾಗಿ ಒಪ್ಪುತ್ತಾರೆ. ಮೊದಲ ಸಲ ಹೋದಾಗ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಈ ಕ್ಲಿನಿಕ್‌ನಲ್ಲಿ ನನಗೆ ಹಿಡಿಸಿದ್ದು ಮೊದಲ ಭೇಟಿಯೇ. ಕುಳಿತ ತಕ್ಷಣ ಡಾಕ್ಟರ್ ಕೇಳಿದ್ದು ಉಸಿರಾಟ ಹೇಗಿದೆ ಅಂತ. ಮೂಗು ನೋಡಲು ಹೇಗಿರಬೇಕು ಅನ್ನುವ ಮಾತು ಬಂದಿದ್ದು ತುಂಬಾ ಹೊತ್ತಿನ ಮೇಲೆ. ತುದಿಗೆ ಹತ್ತಿ ಸುತ್ತಿದ ಕಡ್ಡಿ ತೆಗೆದುಕೊಂಡು ಬಲಗಡೆಯ ಹೊಳ್ಳೆಯೊಳಗೆ ಇಟ್ಟು, ಪಕ್ಕದ ಗೋಡೆಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಈಗ ಎಳೆದುಕೊಳ್ಳಿ ಅಂದರು. ತಣ್ಣಗಿನ ಗಾಳಿ ಒಮ್ಮೆಲೇ ನುಗ್ಗಿತು. ನನಗೆ ಕಣ್ಣಲ್ಲಿ ನೀರು ಬಂತು. ಕಡ್ಡಿ ತೆಗೆದರು, ಮತ್ತೆ ಬಂದ್. ಸ್ವಲ್ಪ ಕೆಳಗೆ ಇನ್ನೊಂದು ಜಾಗದಲ್ಲಿ ಇಟ್ಟು ಅದನ್ನೇ ಮಾಡಿದರು, ಅಲ್ಲಿ ಅಷ್ಟು ವ್ಯತ್ಯಾಸ ಆಗಲಿಲ್ಲ. ತೊಂದರೆ ಎಲ್ಲಿದೆ ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಯಿತು, ನನಗೂ ಗೊತ್ತಾಯಿತು. ಆಮೇಲೆ ಒಳಗೆ ಸಣ್ಣ ಕ್ಯಾಮೆರಾ ಹಾಕಿ ಸೆಪ್ಟಮ್‌ನಲ್ಲಿ ಎಷ್ಟು ಕಾರ್ಟಿಲೇಜ್ ಉಳಿದಿದೆ ನೋಡಿದರು. ಬಹಳ ಕಮ್ಮಿ ಇತ್ತು.

ಮೊದಲ ಆಪರೇಷನ್ನಿನ ನೋಟ್ಸ್ ತನ್ನಿ ಅಂದರು. ನನ್ನ ಹತ್ತಿರ ಇದ್ದಿದ್ದು ಒಂದು ಹಾಳೆಯ ಡಿಸ್ಚಾರ್ಜ್ ಕಾರ್ಡ್ ಮಾತ್ರ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು: ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಬರವಣಿಗೆಯಲ್ಲಿ ಅರ್ಜಿ ಕೊಟ್ಟ ಮೇಲೆ ಮೊದಲ ಸಲ ಮಾಡಿದವರು ಕೊಟ್ಟರು. ಏನು ಕತ್ತರಿಸಿದ್ದಾರೆ, ಏನು ಬಿಟ್ಟಿದ್ದಾರೆ ಅನ್ನುವುದು ಅದರಲ್ಲಿ ಅರ್ಧಂಬರ್ಧ ಇತ್ತು, ಆದರೂ ಉಪಯೋಗಕ್ಕೆ ಬಂತು. ಹಳೆಯ ಫೋಟೋಗಳನ್ನೂ ಕೇಳಿದರು, ದಿಬ್ಬ ಇದ್ದ ಕಾಲದ್ದು.

ಆಮೇಲೆ ಈ ಡಾಕ್ಟರ್ ಹೇಳಿದ್ದು ಕೇಳಿ ನನಗೆ ಕೋಪ ಬಂದಿತ್ತು. ಈಗ ಮಾಡುವುದಿಲ್ಲ, ಕಾಯಿರಿ ಅಂದರು. ಮೊದಲ ಆಪರೇಷನ್ ಆಗಿ ಕಡಿಮೆ ಅಂದರೂ ಒಂದು ವರ್ಷ ಆಗಲೇಬೇಕಂತೆ. ಒಳಗಿನ ಗಾಯದ ಕಲೆ ಗಟ್ಟಿಯಾಗಿರುತ್ತದೆ, ಅದು ಮೆತ್ತಗಾಗುವ ಮೊದಲು ಕೈ ಹಾಕಿದರೆ ಪದರಗಳನ್ನು ಬಿಡಿಸುವುದು ಕಷ್ಟ, ಚರ್ಮಕ್ಕೆ ಹೋಗುವ ರಕ್ತಕ್ಕೂ ತೊಂದರೆ. ನಮ್ಮವರ ಹಾಗೆ ದಪ್ಪ ಚರ್ಮ ಇದ್ದರೆ ತುದಿಯ ಊತ ಇಳಿಯಲು ಒಂದೂವರೆ, ಎರಡು ವರ್ಷವೂ ಹಿಡಿಯಬಹುದು. ತುದಿಯ ಮೇಲಿನ ಉಬ್ಬು ಬರೀ ಗಾಯದ ಗಂಟಾಗಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ನಿಗೇ ಇಳಿಯುವುದೂ ಉಂಟು ಅಂತ ಅದನ್ನು ಮೊದಲು ಕೊಟ್ಟು ನೋಡಿದರು. ಸ್ವಲ್ಪ ಇಳಿಯಿತು. ದುಡ್ಡು ಕೊಡಲು ತಯಾರಾಗಿ ಬಂದ ರೋಗಿಯನ್ನು ವಾಪಸ್ ಕಳಿಸುವ ಡಾಕ್ಟರ್ ಎಷ್ಟು ಜನ ಇದ್ದಾರೆ ಹೇಳಿ. ನಾನು ಅಲ್ಲೇ ಮಾಡಿಸಿಕೊಳ್ಳಬೇಕು ಅಂತ ಗಟ್ಟಿ ಮಾಡಿಕೊಂಡಿದ್ದು ಈ ಕಾರಣಕ್ಕೆ.

ಅವರ ಕೋಣೆಯ ಗೋಡೆ ಮೇಲೆ ಒಂದು ಹಳೆಯ ಚಿತ್ರದ ಪ್ರತಿ ಇದೆ. ಹಣೆಯ ಚರ್ಮದಿಂದ ಮೂಗು ಕಟ್ಟಿಸಿಕೊಂಡ ಕೋವಾಸ್‌ಜಿ ಅನ್ನುವವನ ಚಿತ್ರ. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ, ಸುಮಾರು ಒಂದು ವರ್ಷದ ಮೇಲೆ ಇದೇ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು ಎದುರಿಗೇ ನಿಂತು ನೋಡಿದ್ದರು. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅದು ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನ ಮಾಡಿದರು. ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋದ ಮೂಗು ಪುಣೆಯಲ್ಲಿ ಬಂದು, ಅಲ್ಲಿಂದ ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೇ ದಾರಿಯಾಯಿತು. ಕಾಯುವ ದಿನಗಳಲ್ಲಿ ನನಗೆ ಈ ಕಥೆ ಧೈರ್ಯ ಕೊಟ್ಟಿತು, ಸುಮ್ನೆ ಹೇಳುತ್ತಿಲ್ಲ.

ಆಪರೇಷನ್ ದಿನ ಗೊತ್ತಾದ ಮೇಲೆ ಕಾರ್ಟಿಲೇಜ್ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ. ಸೆಪ್ಟಮ್‌ನಲ್ಲಿ ಉಳಿದಿಲ್ಲ. ಕಿವಿಯದ್ದು ಮೆತ್ತಗೆ, ಬಾಗಿರುತ್ತದೆ, ತುದಿಗೆ ಸರಿ, ನಡುಭಾಗ ಎತ್ತಿ ಹಿಡಿಯಲು ಸಾಲದು. ಹಾಗಾಗಿ ಪಕ್ಕೆಲುಬಿನ ಕಾರ್ಟಿಲೇಜ್. ಸಿಲಿಕೋನ್ ಹಾಕಿದರೆ ಬೇಗ ಮುಗಿಯುತ್ತದಲ್ವಾ ಅಂದೆ. ಒಮ್ಮೆ ಕುಯ್ದ ಮೂಗಿನಲ್ಲಿ ಚರ್ಮ ತೆಳುವಾಗಿದ್ದ ಕಡೆ ಅದು ಸೋಂಕಾಗಿ ಹೊರಗೆ ಬರುವ ಅಪಾಯ ಜಾಸ್ತಿ, ನಾನು ಹಾಕುವುದಿಲ್ಲ ಅಂದರು. ಪಕ್ಕೆಲುಬಿನದ್ದಕ್ಕೂ ಅದರದೇ ತೊಂದರೆ ಇದೆ ಅಂತ ಮುಚ್ಚಿಡದೆ ಹೇಳಿದರು. ಕೆತ್ತಿದ ಮೇಲೆ ಅದು ಸೊಟ್ಟಗಾಗುವ ಗುಣದ್ದು, ಅದಕ್ಕೆ ಕೆತ್ತಿದ ತುಂಡುಗಳನ್ನು ಸ್ವಲ್ಪ ಹೊತ್ತು ಸಲೈನ್‌ನಲ್ಲಿ ಬಿಟ್ಟು, ಯಾವುದು ಬಾಗುತ್ತದೆ ನೋಡಿ, ನೆಟ್ಟಗೆ ಉಳಿದದ್ದನ್ನೇ ಹಾಕುತ್ತಾರೆ. ತೆಗೆಯುವಾಗ ಅಪರೂಪಕ್ಕೆ ಶ್ವಾಸಕೋಶದ ಪೊರೆಗೆ ತಾಗಬಹುದು ಅಂತಲೂ ಹೇಳಿ ಸಹಿ ಹಾಕಿಸಿಕೊಂಡರು. ಕಂಪ್ಯೂಟರಿನಲ್ಲಿ ಮೂಗು ಹೀಗಾಗಬಹುದು ಅಂತ ತೋರಿಸಿ, ಇದು ದಾರಿ ತೋರಿಸಲು ಮಾತ್ರ, ಮಾತು ಕೊಟ್ಟ ಹಾಗಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಎಡಗಡೆಯ ಹೊಳ್ಳೆಯ ಅಂಚು ಸ್ವಲ್ಪ ಮೇಲಕ್ಕೆ ಎಳೆದುಕೊಂಡಿದೆ, ಅದು ಪೂರ್ತಿ ಸರಿಹೋಗಲಿಕ್ಕಿಲ್ಲ ಅಂತಲೂ ಆಗಲೇ ಹೇಳಿದ್ದರು. ಹಾಗೇ ಆಗಿದೆ. ಮೊದಲೇ ಗೊತ್ತಿದ್ದರಿಂದ ಈಗ ಬೇಸರ ಇಲ್ಲ.

ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದರು. ಮೊದಲ ಸಲಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಎರಡು ಹೊಳ್ಳೆಗಳ ನಡುವಿನ ಚರ್ಮದಲ್ಲಿ ಗೀರಿ ಮೂಗನ್ನು ಮೇಲಕ್ಕೆ ತೆರೆದು, ಸೆಪ್ಟಮ್‌ನ ಎರಡೂ ಪಕ್ಕ ಕಾರ್ಟಿಲೇಜಿನ ಉದ್ದುದ್ದ ತುಂಡು ಇಟ್ಟು ಹೊಲಿದಿದ್ದಾರೆ. ಇದಕ್ಕೆ ಸ್ಪ್ರೆಡರ್ ಗ್ರಾಫ್ಟ್ ಅನ್ನುತ್ತಾರೆ. ಬಲಗಡೆಯ ಹೊಳ್ಳೆಗೆ ಬೇರೆ ಆಸರೆ ಕೊಟ್ಟಿದ್ದಾರೆ. ಎದ್ದ ಮೇಲೆ ಮೂಗು ಅಷ್ಟೇನೂ ನೋಯಲಿಲ್ಲ. ನೋವೆಲ್ಲ ಪಕ್ಕೆಯಲ್ಲಿ. ಕೆಮ್ಮಿದರೆ, ಮಗ್ಗುಲಾದರೆ, ಹಾಸಿಗೆಯಿಂದ ಏಳಲು ಹೋದರೆ ಜೀವ ಹೋದಷ್ಟು ನೋವು. ಅಪಾಯಗಳನ್ನೆಲ್ಲ ಅಷ್ಟು ಬಿಡಿಸಿ ಹೇಳಿದವರು ಇದನ್ನು ಇನ್ನೂ ಒತ್ತಿ ಹೇಳಬೇಕಿತ್ತು. ಮನೆಯಲ್ಲಿ ಯಾರಾದರೂ ಜೊತೆಗಿರಲೇಬೇಕು. ನನ್ನ ತಂಗಿ ಬೆಳಗಾವಿಯಿಂದ ಬಂದಿದ್ದಳು, ಅವಳಿಲ್ಲದಿದ್ದರೆ ಒಂದು ಲೋಟ ನೀರು ತೆಗೆದುಕೊಳ್ಳಲೂ ಆಗುತ್ತಿರಲಿಲ್ಲ.

ವಾರದ ಮೇಲೆ ಪಟ್ಟಿ ಬಿಚ್ಚಿದರು. ಕನ್ನಡಿ ನೋಡಿ ಹೆದರಬೇಡಿ, ಊತಕ್ಕೆ ದೊಡ್ಡದಾಗಿ ಕಾಣುತ್ತದೆ. ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಊದುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ತಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಕನ್ನಡಕ ಕೆಲವು ವಾರ ಮೂಗಿನ ಮೇಲೆ ಕೂರುವ ಹಾಗಿಲ್ಲ, ನಾನು ಟೇಪಿನಿಂದ ಹಣೆಗೆ ಅಂಟಿಸಿಕೊಂಡು ಓಡಾಡಿದೆ. ಸಿಗರೇಟು ಸೇದುವವರಿಗೆ ವಾರಗಟ್ಟಲೆ ಮೊದಲೇ ಬಿಡಿಸುತ್ತಾರೆ, ಇಲ್ಲದಿದ್ದರೆ ಆಪರೇಷನ್ನೇ ಇಲ್ಲ.

ಖರ್ಚಿನ ವಿಷಯ. ಮೊದಲ ಸಲದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಯಿತು. ಹೊತ್ತು ಜಾಸ್ತಿ, ಪಕ್ಕೆಲುಬಿನ ಕೆಲಸ ಬೇರೆ, ಅರಿವಳಿಕೆಯೂ ಅಷ್ಟೇ. ಆರೋಗ್ಯ ವಿಮೆಯವರು ಬರೀ ಚೆಂದಕ್ಕೆ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಕೊಡುವುದಿಲ್ಲ, ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲೇ ಅದು ಇರುತ್ತದೆ. ಆದರೆ ವೈದ್ಯಕೀಯವಾಗಿ ಬೇಕೇಬೇಕು ಅಂತ ಡಾಕ್ಟರ್ ಬರೆದುಕೊಟ್ಟರೆ ಕೇಳಬಹುದು. ಕ್ಲಿನಿಕ್‌ನವರು ಉಸಿರಾಟದ ಭಾಗವನ್ನು ಬೇರೆಯಾಗಿ ಬರೆದು, ಕ್ಯಾಮೆರಾದ ಚಿತ್ರ ಸೇರಿಸಿ ಕೊಟ್ಟರು. ವಿಮೆಯವರು ಅದಕ್ಕೆ ಒಪ್ಪಿದರು, ಉಳಿದದ್ದು ಕೈಯಿಂದಲೇ ಹೋಯಿತು. ಚೆಂದಕ್ಕೆ ಮಾಡಿಸುವ ಭಾಗಕ್ಕೆ ಜಿಎಸ್‌ಟಿ ಬೇರೆ ಬೀಳುತ್ತದೆ, ಅಂದಾಜು ಖರ್ಚು ಕೇಳುವಾಗ ಅದು ಸೇರಿದೆಯಾ ಅಂತ ಕೇಳಿ. ನನಗೆ ಕೊಟ್ಟ ಮೊದಲ ಚೀಟಿಯಲ್ಲಿ ಸೇರಿರಲಿಲ್ಲ.

ಇನ್ನು ಬೇಜಾರಿನ ಮಾತು. ಅಪಾಯಿಂಟ್‌ಮೆಂಟ್ ಹೊತ್ತು ಬರೀ ಹೆಸರಿಗೆ, ಸಂಜೆ ಹೋದರೆ ರಾತ್ರಿ ಊಟದ ಹೊತ್ತಾಗುತ್ತದೆ. ಕೌಂಟರಿನಲ್ಲಿ ಕೂತವರು ಎಲ್ಲರೆದುರು ಯಾವ ಆಪರೇಷನ್ನಿಗೆ ಬಂದಿರಿ ಅಂತ ಜೋರಾಗಿ ಕೇಳುತ್ತಾರೆ. ನಾನು ಡಾಕ್ಟರಿಗೆ ಹೇಳಿದೆ, ಆಮೇಲೂ ಬದಲಾಗಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಉತ್ತರ ಬರಲು ಒಂದು ದಿನ ಬೇಕು. ಮೂಗಲ್ಲಿ ರಕ್ತ ಬರುತ್ತಿರುವವರಿಗೆ ಒಂದು ದಿನ ಅಂದರೆ ಬಹಳ. ರಾತ್ರಿ ಹೊತ್ತಿಗೆ ಬೇರೆ ನಂಬರ್ ಇಡಬೇಕು. ಕಾರು ತರಬೇಡಿ, ನಿಲ್ಲಿಸಲು ಜಾಗ ಇಲ್ಲ, ಮೆಟ್ರೊ ವಾಸಿ.

ನೀವು ಎಲ್ಲಿಗೇ ಹೋಗಿ, ಕೆಲವು ವಿಷಯ ನೇರವಾಗಿ ಕೇಳಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ಮೇಲಿನ ಪದವಿ ಆಗಿದೆಯಾ, ಇಲ್ಲವೇ ಇಎನ್‌ಟಿ ಮುಗಿಸಿ ಮೂಗಿನದ್ದೇ ಕೆಲಸ ಮಾಡುವವರಾ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ಲಿನಲ್ಲಿ ನೋಂದಣಿ ಇದೆಯಾ ಅನ್ನುವುದು ಒಂದು. ಬೇರೆಯವರು ಕೆಡಿಸಿದ ಮೂಗುಗಳನ್ನು ಎಷ್ಟು ಮಾಡಿದ್ದೀರಿ ಅನ್ನುವುದು ಇನ್ನೊಂದು. ಮೊದಲ ಸಲದ ಕೆಲಸ ಚೆನ್ನಾಗಿ ಮಾಡುವವರೆಲ್ಲ ಎರಡನೇ ಸಲದ್ದು ಮಾಡಲಾರರು. ಪಕ್ಕೆಲುಬಿನ ಕಾರ್ಟಿಲೇಜ್ ತೆಗೆದು ಅಭ್ಯಾಸ ಇದೆಯಾ ಕೇಳಿ, ಅವರೇ ಮಾಡಿದ ಕೇಸುಗಳ ಒಂದು ವರ್ಷದ ನಂತರದ ಫೋಟೋ ಕೇಳಿ. ಪಟ್ಟಿ ಬಿಚ್ಚಿದ ದಿನದ ಫೋಟೋದಿಂದ ಏನೂ ತಿಳಿಯುವುದಿಲ್ಲ.

ನನ್ನ ಮೂಗಿನ ತುದಿ ಇನ್ನೂ ಗಟ್ಟಿಯಾಗೇ ಇದೆ, ಮುಟ್ಟಿದರೆ ಸ್ವಲ್ಪ ಮರಗಟ್ಟಿದ ಹಾಗೆ. ಇಳಿಯಲು ಇನ್ನೂ ತಿಂಗಳುಗಳೇ ಬೇಕು ಅಂದಿದ್ದಾರೆ. ಹಾಗಾಗಿ ಮದುವೆಗೋ ನಿಶ್ಚಿತಾರ್ಥಕ್ಕೋ ದಿನ ಗೊತ್ತುಮಾಡಿಕೊಂಡು, ಅಷ್ಟರೊಳಗೆ ಸರಿಯಾಗಬೇಕು ಅನ್ನುವವರು ಈ ಕ್ಲಿನಿಕ್‌ಗೆ ಹೋಗಿ ಉಪಯೋಗ ಇಲ್ಲ. ಡಾಕ್ಟರ್ ಒಪ್ಪುವುದಿಲ್ಲ.