ಬೇಲೂರಿನಿಂದ ಹೊರಟು ಮೂರು ನರ್ಸಿಂಗ್ ಕಾಲೇಜು ನೋಡಿ ಬಂದೆವು

ಚಿಕ್ಕಪ್ಪನ ಮಗಳಿಗೆ ಈ ಸಲ ಪಿಯುಸಿ ಮುಗಿಯಿತು. ನರ್ಸಿಂಗ್ ಓದುತ್ತೇನೆ ಅಂತ ಅವಳೇ ಹೇಳಿದಳು, ಯಾರೂ ಒತ್ತಾಯ ಮಾಡಿದ್ದಲ್ಲ. ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ಹಾಗಾಗಿ ಕಾಲೇಜು ನೋಡೋ ಜವಾಬ್ದಾರಿ ನನ್ನ ಮೇಲೆ ಬಂತು. ಅವರ ಮನೆ ಬೇಲೂರಿನ ಪಕ್ಕ. ಅಲ್ಲಿಂದ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರ್, ಹಾಸನ 40. ಎರಡೂ ಹತ್ತಿರವೇ, ಅದಕ್ಕೇ ಎಲ್ಲಿ ಸೇರಿಸೋದು ಅನ್ನೋ ಗೊಂದಲ. ಮೂರು ಕಡೆ ಹೋಗಿ ಬಂದೆವು. ಕಾಲೇಜಿನ ಹೆಸರು ಹಾಕುವುದಿಲ್ಲ, ಆದರೆ ಕಂಡಿದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲನೆಯದು ನೋಡೋಕೆ ತುಂಬಾ ಚೆನ್ನಾಗಿದೆ. ಗ್ರಾನೈಟ್ ನೆಲ, ಬಾಗಿಲಲ್ಲೇ ನಗುತ್ತಾ ಮಾತಾಡಿಸೋ ಹುಡುಗಿ, ಕೈಗೊಂದು ಬಣ್ಣದ ಪುಸ್ತಕ. ಸ್ಕಿಲ್ ಲ್ಯಾಬ್ ತೋರಿಸಿ ಅಂದೆ. ಬೀಗ ಹಾಕಿತ್ತು, ಕೀ ಹುಡುಕೋಕೆ ಇಪ್ಪತ್ತು ನಿಮಿಷ ಹೋಯಿತು. ಒಳಗೆ ಮಂಚದ ಮೇಲೆ ಬೊಂಬೆ ಮಲಗಿತ್ತು. ಅದರ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಇಂಜೆಕ್ಷನ್ ಕಲಿಸೋ ರಬ್ಬರ್ ಕೈ ಕೂಡ ಡಬ್ಬಿಯಲ್ಲೇ ಇತ್ತು, ಒಂದೇ ಒಂದು ಸೂಜಿ ಗುರುತಿಲ್ಲ. ಆ ಕಾಲೇಜಿನಲ್ಲಿ ಆಗಲೇ ಮೂರು ಬ್ಯಾಚ್ ಓದುತ್ತಿದ್ದಾರೆ! ಆ ಹುಡುಗಿಯರು ಎಲ್ಲಿ ಸೂಜಿ ಹಿಡಿದು ಕಲಿತರು ಅಂತ ಯೋಚಿಸಿ ನನಗೆ ಹೊಟ್ಟೆ ಉರಿಯಿತು. ಕಲಿಯದೆ ಬಂದರೆ ಮೊದಲ ಸೂಜಿ ಹೋಗೋದು ಯಾವುದೋ ಅಜ್ಜಿಯ ಕೈಗೆ ಅಲ್ವಾ.

ಆಸ್ಪತ್ರೆ ಯಾವುದು ಅಂತ ಕೇಳಿದರೆ "ಟೈ-ಅಪ್ ಇದೆ ಮೇಡಂ" ಅಂದರು, ಅಂದರೆ ಬೇರೆಯವರ ಆಸ್ಪತ್ರೆ. ನರ್ಸಿಂಗ್ ಕಾಲೇಜಿಗೆ ತನ್ನದೇ ಆಸ್ಪತ್ರೆ ಇರಬೇಕು, ಅದರಲ್ಲಿ ಕನಿಷ್ಠ 100 ಹಾಸಿಗೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ ಬೀಳಬೇಕು ಅನ್ನೋದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ವಿಳಾಸ ಕೇಳಿಕೊಂಡು ನಾವೇ ಅಲ್ಲಿಗೆ ಹೋದೆವು. ಬೆಳಿಗ್ಗೆ ಹನ್ನೊಂದು ಗಂಟೆ, ಮೇಲಿನ ಮಹಡಿಯ ಅರ್ಧ ಮಂಚಗಳ ಮೇಲೆ ಹಾಸಿಗೆಯೇ ಇರಲಿಲ್ಲ. ಚಿಕ್ಕಪ್ಪ ಏನೂ ಮಾತಾಡದೆ ಕೆಳಗೆ ಇಳಿದು ಬಂದರು. ಇನ್ನೊಂದು ವಿಷಯ, ಸೀಟು ಹಿಡಿದಿಡಬೇಕಾದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇವತ್ತೇ ಕೊಡಿ ಅಂದಿದ್ದರು. ಕೊಡಬೇಡಿ. ಮೊದಲು ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತಗೊಳ್ಳಿ. ನನ್ನ ಜೊತೆ ಓದಿದವಳೊಬ್ಬಳು ಬೇರೆ ಕಾಲೇಜಿಗೆ ಹೋಗಬೇಕು ಅಂದಾಗ ನಾಲ್ಕೂ ವರ್ಷದ ಫೀ ಕಟ್ಟಿದರೆ ಮಾತ್ರ ಮಾರ್ಕ್ಸ್ ಕಾರ್ಡ್ ಅಂತ ಕೂರಿಸಿದ್ದರು, ಅವರಪ್ಪ ಎಷ್ಟು ಅಲೆದರು ಅಂತ ನಾನೇ ನೋಡಿದ್ದೇನೆ.

ಎರಡನೆಯ ಕಾಲೇಜಿನವರು ಸುಳ್ಳು ಹೇಳಲಿಲ್ಲ. ಫೀ ಎಷ್ಟು, ಹಾಸ್ಟೆಲ್ ಎಷ್ಟು, ಯೂನಿಫಾರ್ಮಿಗೆ ಎಷ್ಟು, ಪರೀಕ್ಷೆ ಫೀ ಬೇರೆ ಅನ್ನೋದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟರು, ಅದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ. ಪಾಠವೂ ಪರವಾಗಿಲ್ಲ ಅಂತ ಅಲ್ಲಿನ ಮಕ್ಕಳು ಹೇಳಿದರು. ಆದರೆ ಅವರ ಮಕ್ಕಳು ಪೋಸ್ಟಿಂಗ್‌ನಲ್ಲಿದ್ದ, ಅಂದರೆ ಕೆಲಸ ಕಲಿಯೋಕೆ ಹಾಕಿದ್ದ ವಾರ್ಡಿಗೆ ಹೋಗಿ ನೋಡಿದಾಗ ಒಂದೇ ಮಂಚದ ಸುತ್ತ ಹನ್ನೆರಡು ಜನ ನಿಂತಿದ್ದರು. ಟ್ಯೂಟರ್ ಇರಲಿಲ್ಲ. ವಾರ್ಡಿನ ಸಿಸ್ಟರ್ ತಮ್ಮ ಕೆಲಸದ ಮಧ್ಯೆ ಇವರಿಗೆ ಏನು ಹೇಳಿಕೊಡುತ್ತಾರೆ? ಹಿಂದೆ ನಿಂತ ಹುಡುಗಿ ಗೋಡೆಗೆ ಒರಗಿಕೊಂಡು ಕೇಸ್ ಬುಕ್ ಬರೆಯುತ್ತಿದ್ದಳು, ಪಕ್ಕದವಳ ಬುಕ್ ನೋಡಿಕೊಂಡು. ತಪ್ಪು ಆ ಮಗುವಿನದಲ್ಲ. ಹೆರಿಗೆಯನ್ನೂ ಇಷ್ಟು ಅಂತ ನೋಡಿ, ಮಾಡಿಸಿ, ಬುಕ್ಕಿಗೆ ಸಹಿ ಹಾಕಿಸಿಕೊಳ್ಳಬೇಕು. ಲೇಬರ್ ರೂಮಿಗೆ ಹೋಗದೆ ಸಹಿ ಮಾತ್ರ ಆದರೆ ಮುಂದೆ ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇರುವಾಗ ಏನು ಮಾಡುತ್ತಾಳೆ?

ಮೂರನೆಯದಕ್ಕೆ ಹೋದಾಗ ತಂಗಿಯ ಮುಖ ಸಪ್ಪಗಾಯಿತು. ಹಳೇ ಕಟ್ಟಡ, ಸುಣ್ಣ ಉದುರಿದೆ. "ಅಕ್ಕ, ಇದು ಬೇಡ" ಅಂತ ಮೆಲ್ಲಗೆ ಅಂದಳು. ಲ್ಯಾಬ್ ನೋಡು, ಆಮೇಲೆ ಹೇಳು ಅಂದೆ. ಲ್ಯಾಬ್ ಬಾಗಿಲು ತೆರೆದೇ ಇತ್ತು. ಇಲ್ಲಿನ ರಬ್ಬರ್ ಕೈ ನೋಡಬೇಕಿತ್ತು ನೀವು! ಮೊಣಕೈ ಒಳಗಡೆ ಸೂಜಿ ಚುಚ್ಚಿ ಚುಚ್ಚಿ ಜರಡಿ ಆಗಿದೆ, ರಕ್ತದ ಬದಲು ತುಂಬಿದ ಕೆಂಪು ನೀರು ಸೋರದಿರಲಿ ಅಂತ ಪ್ಲಾಸ್ಟರ್ ಸುತ್ತಿದ್ದಾರೆ. ನನಗೆ ಅಷ್ಟು ಸಾಕಾಯಿತು. ಆಸ್ಪತ್ರೆ ಪಕ್ಕದಲ್ಲೇ. ಬೆಳಿಗ್ಗೆ ವಾರ್ಡಿನಲ್ಲಿ ಟ್ಯೂಟರ್ ಕೂಡ ಏಪ್ರನ್ ಹಾಕಿ ನಿಂತಿದ್ದರು. ರೋಗಿಗೆ ಕ್ಯಾನುಲಾ (ಡ್ರಿಪ್ ಕೊಡೋಕೆ ನರಕ್ಕೆ ಹಾಕೋ ಸಣ್ಣ ಕೊಳವೆ) ಹಾಕುತ್ತಿದ್ದ ಹುಡುಗಿಯ ಕೈ ನಡುಗಿದಾಗ ಬೈಯಲಿಲ್ಲ, ತಮ್ಮ ಕೈ ಕೆಳಗಿಟ್ಟು ಹಿಡಿದುಕೊಂಡರು. ಕೊರತೆ ಇಲ್ಲವೇ ಅಂದರೆ ಇದೆ. ಹಾಸ್ಟೆಲ್‌ನಲ್ಲಿ ನೀರು ದಿನಕ್ಕೆ ಎರಡೇ ಹೊತ್ತು, ಲೈಬ್ರರಿ ಸಂಜೆ ಐದಕ್ಕೆ ಮುಚ್ಚುತ್ತದೆ, ಸಾರು ತೀರಾ ನೀರು.

ಮೂರು ಕಡೆಯೂ ಚಿಕ್ಕಪ್ಪ ಕೇಳಿದ್ದು ಒಂದೇ, "ಜಿಎನ್ಎಂ ಸಾಕಾ, ಬಿಎಸ್ಸಿ ಬೇಕಾ?" ಜಿಎನ್ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ, ಮೂರು ವರ್ಷ. ಬಿಎಸ್ಸಿ ಡಿಗ್ರಿ, ನಾಲ್ಕು ವರ್ಷ. ಎರಡು ಓದಿದವರೂ ರಿಜಿಸ್ಟರ್ಡ್ ನರ್ಸ್ ಆಗುತ್ತಾರೆ. ಜಿಎನ್ಎಂ ಮಾಡಿದವರು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಆದರೆ ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸೋ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ಓದು ಮುಗಿಸಿ ರಿಜಿಸ್ಟರ್ ಆದ ಕೂಡಲೇ ಕೂರಬಹುದು, ಜಿಎನ್ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಸೈನ್ಸ್ ಓದಿ ಮಾರ್ಕ್ಸ್ ಚೆನ್ನಾಗಿದ್ದರೆ ಬಿಎಸ್ಸಿಗೇ ಹೋಗಿ. ಏಜೆಂಟ್ ಕೈಗೆ ದುಡ್ಡು ಕೊಡೋ ಮೊದಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸೀಟಿಗೆ ಪ್ರಯತ್ನ ಮಾಡಿ, ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್ಎಸ್‌ಪಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ.

ಕೋರ್ಸ್ ಮುಗಿದ ಮಾತ್ರಕ್ಕೆ ನರ್ಸ್ ಆಗಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಹಾಗಾಗಿ ಸೇರೋ ಕಾಲೇಜಿನ ಹೆಸರು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ, ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲೂ ಇದೆಯಾ ಅಂತ ನೀವೇ ಮೊಬೈಲ್‌ನಲ್ಲಿ ನೋಡಿ. ನೀವು ಸೇರೋ ವರ್ಷದ ಪಟ್ಟಿ ನೋಡಿ, ಹಳೇದಲ್ಲ. ಗೋಡೆ ಮೇಲೆ ಫ್ರೇಮ್ ಹಾಕಿದ ಪತ್ರ ನಂಬಿಕೊಂಡು ಬರಬೇಡಿ. ಪ್ರಾಕ್ಟಿಕಲ್ ಹಾಜರಿ ಪೂರ್ತಿ ಇರಬೇಕು, ಆದ್ದರಿಂದ "ಬರದಿದ್ದರೂ ನಡೆಯುತ್ತದೆ, ನಾವು ನೋಡಿಕೊಳ್ಳುತ್ತೇವೆ" ಅನ್ನೋ ಕಾಲೇಜಿನಿಂದ ಹಾಗೇ ಎದ್ದು ಬನ್ನಿ.

ದಿನಾ ಬೇಲೂರಿನಿಂದ ಬಸ್ಸಿನಲ್ಲಿ ಓಡಾಡಿಸೋಣ ಅಂತ ಚಿಕ್ಕಮ್ಮನ ಆಸೆ ಇತ್ತು. ಬೇಡ ಅಂದೆ. ಬೆಳಗಿನ ಡ್ಯೂಟಿಗೆ ಎಂಟಕ್ಕೆ ಮೊದಲೇ ವಾರ್ಡಿನಲ್ಲಿರಬೇಕು, ಮಳೆಗಾಲದಲ್ಲಿ ಆ ರಸ್ತೆ ನಂಬಿಕೊಂಡರೆ ಆಗಲ್ಲ.

ತಂಗಿ ಮೂರನೇ ಕಾಲೇಜಿಗೇ ಸೇರಿದಳು. ಎರಡು ತಿಂಗಳಾಯಿತು. ನೀರಿನ ತೊಂದರೆ ಹಾಗೇ ಇದೆ, ಸಾರಿನ ಬಗ್ಗೆ ವಾರ್ಡನ್ ಹತ್ತಿರ ಮಾತಾಡಿದ್ದೇನೆ. ಹೋದ ಭಾನುವಾರ ಮನೆಗೆ ಬಂದವಳು ಚಿಕ್ಕಮ್ಮನನ್ನು ಮಂಚದ ಮೇಲೆ ಮಲಗಿಸಿ, ಪಕ್ಕಕ್ಕೆ ಹೊರಳಿಸಿ, ಎಬ್ಬಿಸದೆಯೇ ಬೆಡ್‌ಶೀಟ್ ಬದಲಾಯಿಸಿ ತೋರಿಸಿದಳು. ಚಿಕ್ಕಮ್ಮ ನಗು ತಡೆಯಲಾರದೆ ಅಲುಗಾಡುತ್ತಲೇ ಇದ್ದರು. ನಾನು ಬಗ್ಗಿ ಮೂಲೆ ನೋಡಿದೆ, ಮಡಿಕೆ ಸರಿಯಾಗಿ ಕೂತಿತ್ತು.