ಉತ್ತರ ಹೇಳಿಕೊಡದ ಸಲಹಾ ಕೇಂದ್ರ: ಮತಾಂತರಗೊಂಡ ಆಶ್ರಯಾರ್ಥಿಗಳಿಗೆ ಸಿಗುವ ಒಂದು ಉಚಿತ ಸೇವೆಯ ವಿಮರ್ಶೆ

ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಮೇಲಿರುವ ನಮ್ಮ ಊರಿನಲ್ಲಿ, ಆಶ್ರಯ ಕೋರಿ ಅರ್ಜಿ ಹಾಕಿದವರನ್ನು ಅಧಿಕಾರಿಗಳ ಮುಂದಿನ ವಿಚಾರಣೆಗೆ ಸಿದ್ಧಪಡಿಸುವ ಒಂದು ಉಚಿತ ಸಲಹಾ ಕೇಂದ್ರವಿದೆ. ಚರ್ಚಿಗೆ ಸೇರಿದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಮೂವರು ಸಲಹೆಗಾರರು, ವಾರಕ್ಕೆರಡು ದಿನ ಬರುವ ಒಬ್ಬ ಫಾರ್ಸಿ ದುಭಾಷಿ, ಇಷ್ಟೇ ಅದರ ಬಂಡವಾಳ. ಕೇಂದ್ರದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ಸುಳಿವು ಯಾರಿಗೂ ಸಿಗದಿರಲಿ ಎಂದು ಬಯಸುವವರು. ನನ್ನ ನೆರೆಮನೆಯ ಇರಾನಿ ಗೆಳೆಯರೊಬ್ಬರ ಜೊತೆ ಕಳೆದ ಚಳಿಗಾಲದಿಂದ ಈಚೆಗೆ ಐದು ಬಾರಿ ಅಲ್ಲಿಗೆ ಹೋಗಿಬಂದಿದ್ದೇನೆ. ಅವರ ಜರ್ಮನ್ ಇನ್ನೂ ತಡವರಿಸುತ್ತದೆ, ನನ್ನದು ಹನ್ನೊಂದು ವರ್ಷಗಳಲ್ಲಿ ಒಂದು ಹದಕ್ಕೆ ಬಂದಿದೆ ಎಂಬ ಕಾರಣಕ್ಕೆ ಅವರು ನನ್ನನ್ನು ಕರೆದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಗೆಳೆಯರು ಇರಾನ್ ಬಿಟ್ಟಾಗ ಕ್ರೈಸ್ತರಾಗಿರಲಿಲ್ಲ. ಇಲ್ಲಿಗೆ ಬಂದ ಹತ್ತನೆಯ ತಿಂಗಳಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಇಂಥ ಸೇವೆಯೊಂದರ ಅಗತ್ಯ ಹುಟ್ಟುವುದೇ ಈ ಹತ್ತು ತಿಂಗಳ ಅಂತರದಿಂದ. 1951ರ ನಿರಾಶ್ರಿತರ ಒಪ್ಪಂದವು ರಕ್ಷಣೆ ಕೊಡಲು ಒಪ್ಪುವ ಐದು ಕಾರಣಗಳಲ್ಲಿ ಧರ್ಮವೂ ಒಂದು. ಭಾರತ ಆ ಒಪ್ಪಂದವನ್ನು ಒಪ್ಪಿಕೊಂಡಿಲ್ಲವಾದ್ದರಿಂದ ನಮ್ಮ ಕಡೆಯ ಓದುಗರಿಗೆ ಈ ಕಾನೂನು ಅಷ್ಟು ಪರಿಚಿತವಲ್ಲ. ಹಿಂಸೆಯ ಭಯವು ಊರು ಬಿಡುವಾಗಲೇ ಇರಬೇಕೆಂದೇನೂ ಇಲ್ಲ. ಹೊರಗೆ ಬಂದ ಮೇಲೆ ಹುಟ್ಟಿದ ಭಯಕ್ಕೂ ಕಾನೂನಿನಲ್ಲಿ ಜಾಗವಿದೆ. ಆದರೆ ಹೊರಗೆ ಬಂದ ಮೇಲೆ ಬದಲಾದ ನಂಬಿಕೆಯನ್ನು ಯಾವ ಅಧಿಕಾರಿಯೂ ಸುಲಭವಾಗಿ ನಂಬುವುದಿಲ್ಲ. ಆಶ್ರಯ ಸಿಗಲೆಂದು ಚರ್ಚಿಗೆ ಹೋದಿರೋ, ಚರ್ಚಿಗೆ ಹೋದದ್ದರಿಂದ ಆಶ್ರಯ ಬೇಕಾಯಿತೋ ಎಂಬ ಒಂದು ಪ್ರಶ್ನೆಯ ಸುತ್ತಲೇ ಇಡೀ ಕಡತ ತಿರುಗುತ್ತದೆ.

ಭಯಕ್ಕೆ ಆಧಾರವಿಲ್ಲದಿಲ್ಲ. ಇರಾನಿನ ಸಂವಿಧಾನದ 13ನೆಯ ವಿಧಿ ಜರತುಷ್ಟ್ರ ಮತದವರು, ಯಹೂದಿಗಳು ಮತ್ತು ಕ್ರೈಸ್ತರನ್ನು ಅಲ್ಪಸಂಖ್ಯಾತರೆಂದು ಮಾನ್ಯ ಮಾಡುತ್ತದೆ, ಆದರೆ ಆ ಮಾನ್ಯತೆ ಆರ್ಮೇನಿಯನ್, ಅಸ್ಸೀರಿಯನ್ ಮೂಲದ ಹುಟ್ಟು ಕ್ರೈಸ್ತರಿಗೇ ಹೊರತು ಮುಸ್ಲಿಂ ಮನೆಯಲ್ಲಿ ಹುಟ್ಟಿ ಮತ ಬದಲಿಸಿದವರಿಗಲ್ಲ. ಧರ್ಮತ್ಯಾಗ ಅಪರಾಧವೆಂದು 2013ರ ದಂಡಸಂಹಿತೆಯಲ್ಲಿ ಬರೆದಿಲ್ಲ. ಆದರೆ ಬರೆಯದೆ ಉಳಿದ ವಿಷಯಗಳಲ್ಲಿ ನ್ಯಾಯಾಧೀಶರು ಧಾರ್ಮಿಕ ಗ್ರಂಥಗಳ ಮೊರೆಹೋಗಲು ಅದೇ ಸಂಹಿತೆಯ 220ನೆಯ ಕಲಮು ದಾರಿ ಬಿಟ್ಟಿದೆ. ಮತ ಬದಲಿಸಿದ್ದ ಪಾದ್ರಿ ಹುಸೇನ್ ಸೂದ್ಮಂದ್ ಅವರನ್ನು 1990ರಲ್ಲಿ ಮಶ್ಹದ್‌ನಲ್ಲಿ ಗಲ್ಲಿಗೇರಿಸಲಾಯಿತು. ಇನ್ನೊಬ್ಬ ಪಾದ್ರಿ ಯೂಸೆಫ್ ನದರ್ಖಾನಿ ಅವರಿಗೆ ಧರ್ಮತ್ಯಾಗದ ಆರೋಪದ ಮೇಲೆ 2010ರಲ್ಲಿ ಮರಣದಂಡನೆ ವಿಧಿಸಿ, 2012ರಲ್ಲಿ ಆ ಆರೋಪದಿಂದ ಬಿಡುಗಡೆ ಮಾಡಲಾಯಿತು. ಈಚೆಗೆ ಗಲ್ಲಿಗಿಂತ ಸೆರೆಮನೆಯೇ ಹೆಚ್ಚು. ಮನೆಯೊಳಗೆ ಸೇರಿ ಪ್ರಾರ್ಥಿಸುವವರ ಮೇಲೆ ದೇಶದ ಭದ್ರತೆಗೆ ಧಕ್ಕೆ ತಂದ ಆರೋಪ ಹೊರಿಸುವುದು ವಾಡಿಕೆಯಾಗಿದೆ.

ಈ ಹಿನ್ನೆಲೆಯಿದ್ದರೂ ಕೇಂದ್ರಕ್ಕೆ ಮೊದಲ ದಿನ ಹೋದಾಗ ನಾವಿಬ್ಬರೂ ನಂಬಿಕೊಂಡಿದ್ದುದು ದೀಕ್ಷಾಸ್ನಾನದ ಪ್ರಮಾಣಪತ್ರವನ್ನು. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟು ತಂದಿದ್ದ ಅದನ್ನು ಗೆಳೆಯರು ಮೇಜಿನ ಮೇಲಿಟ್ಟರು. ಸಲಹೆಗಾರ್ತಿ ಅದನ್ನು ಒಮ್ಮೆ ನೋಡಿ, ನಕಲು ಮಾಡಿಕೊಂಡು, ಪಕ್ಕಕ್ಕಿಟ್ಟರು. 2020ರ ಏಪ್ರಿಲ್ 3ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯವು ಇನ್ನೊಬ್ಬ ಇರಾನಿ ಮತಾಂತರಿತರ ಪ್ರಕರಣದಲ್ಲಿ ಹೇಳಿದ್ದನ್ನು ಅವರು ಸರಳ ಮಾತಿನಲ್ಲಿ ವಿವರಿಸಿದರು: ಒಬ್ಬರು ಚರ್ಚಿನ ಸದಸ್ಯರು ಹೌದೋ ಅಲ್ಲವೋ ಎಂಬುದು ಚರ್ಚಿಗೆ ಬಿಟ್ಟದ್ದು, ಅದರಲ್ಲಿ ಸರ್ಕಾರ ಕೈಹಾಕುವಂತಿಲ್ಲ, ಆದರೆ ಆ ನಂಬಿಕೆ ಅವರ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಅದನ್ನು ಬಿಟ್ಟು ಅವರು ಇರಬಲ್ಲರೋ ಇಲ್ಲವೋ ಎಂಬುದನ್ನು ಆಶ್ರಯದ ವಿಷಯ ತೀರ್ಮಾನಿಸುವವರು ತಾವೇ ಪರಿಶೀಲಿಸಬಹುದು. ಅಂದರೆ ಪ್ರಮಾಣಪತ್ರ ಬಾಗಿಲವರೆಗೆ ಬರುತ್ತದೆ, ಒಳಗೆ ಬರುವುದಿಲ್ಲ. ಮೊದಲ ಭೇಟಿಯಲ್ಲೇ ಈ ಮಾತನ್ನು ಮುಲಾಜಿಲ್ಲದೆ ಹೇಳಿದ್ದು ಕೇಂದ್ರದ ದೊಡ್ಡ ಗುಣ. ಅಲ್ಲಿಂದ ಹೊರಬಂದಾಗ ಗೆಳೆಯರ ಮುಖ ಬಾಡಿತ್ತು, ನಿಜ. ಆದರೆ ಬಾಡಬೇಕಿದ್ದರೆ ವಿಚಾರಣೆಯ ಕೋಣೆಗಿಂತ ಇಲ್ಲೇ ಬಾಡುವುದು ಮೇಲು.

ಎರಡನೆಯ ಭೇಟಿಗೆ ಗೆಳೆಯರು ಮೊಬೈಲಿನಲ್ಲಿ ಒಂದು ಕಡತ ತಂದಿದ್ದರು. ಆಶ್ರಯಾರ್ಥಿಗಳ ವಸತಿಗೃಹಗಳಲ್ಲಿ ಟೆಲಿಗ್ರಾಂ ಮೂಲಕ ಕೈಯಿಂದ ಕೈಗೆ ಸಾಗುವ ಪ್ರಶ್ನೋತ್ತರಗಳ ಕಟ್ಟು ಅದು. ಹನ್ನೆರಡು ಮಂದಿ ಶಿಷ್ಯರ ಹೆಸರು, ಹತ್ತು ಆಜ್ಞೆಗಳು ಕ್ರಮವಾಗಿ, ಪಂಚಾಶತ್ತಮ ಹಬ್ಬದ ಅರ್ಥ, ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಇರುವ ವ್ಯತ್ಯಾಸ ಎಲ್ಲವೂ ಅದರಲ್ಲಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ನಾವು ಓದುತ್ತಿದ್ದ ಗೈಡುಗಳ ನೆನಪಾಯಿತು. ಇದನ್ನು ಬಾಯಿಪಾಠ ಮಾಡಿದರೆ ಸಾಕೇ ಎಂದು ಗೆಳೆಯರು ಕೇಳಿದಾಗ ಸಲಹೆಗಾರ್ತಿ ಕೊಟ್ಟ ಉತ್ತರಕ್ಕಾಗಿಯೇ ನಾನು ಈ ವಿಮರ್ಶೆ ಬರೆಯಲು ಕೂತದ್ದು. ಯಾವ ಪ್ರಶ್ನೆಗೂ ಇಲ್ಲಿ ಉತ್ತರ ಹೇಳಿಕೊಡುವುದಿಲ್ಲ, ನೀವು ಹೇಳುವ ಉತ್ತರವನ್ನು ತಿದ್ದುವುದೂ ಇಲ್ಲ, ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದನ್ನು ಮಾತ್ರ ಅಭ್ಯಾಸ ಮಾಡಿಸುತ್ತೇವೆ ಎಂದರು. ಧರ್ಮದ ಎಲ್ಲ ಅಂಶಗಳ ಬಗ್ಗೆಯೂ ಅರ್ಜಿದಾರರು ಹೇಳಿಕೆ ಕೊಡಬೇಕಿಲ್ಲ, ದಾಖಲೆ ಒದಗಿಸಬೇಕಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರಲ್ಲಿ, ಬಲ್ಗೇರಿಯಾದಿಂದ ಬಂದ ಫಾತಿ ಪ್ರಕರಣದಲ್ಲಿ, ಹೇಳಿದ್ದನ್ನೂ ಸೇರಿಸಿದರು.

ಆಮೇಲೆ ಅಣಕು ವಿಚಾರಣೆ ನಡೆಯಿತು. ಬೈಬಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ವಾರದ ಯಾವ ದಿನ ಏನು ಮಾಡುತ್ತೀರಿ, ಮೊದಲ ಸಲ ಚರ್ಚಿಗೆ ಹೋದಾಗ ಎಲ್ಲಿ ಕೂತಿರಿ, ಯಾವ ಮಾತು ಇಷ್ಟವಾಗಲಿಲ್ಲ ಎಂದೆಲ್ಲ ಕೇಳಿ, ಕೊನೆಗೆ, ನಿಮ್ಮ ತಾಯಿಗೆ ಇದು ಗೊತ್ತೇ ಎಂದು ಕೇಳಿದರು. ಗೆಳೆಯರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಪ್ರತಿ ಮೊಹರಮ್ಮಿನಲ್ಲಿ ತಾಯಿ ಹರಕೆಯ ಅಡುಗೆ ಮಾಡಿ ಬೀದಿಗೆಲ್ಲ ಹಂಚುತ್ತಾರೆಂದೂ, ಈ ವರ್ಷ ಫೋನಿನಲ್ಲಿ ನಿನ್ನ ಹೆಸರಿನಲ್ಲೂ ಒಂದು ಪಾತ್ರೆ ಇಟ್ಟಿದ್ದೇನೆ ಎಂದಾಗ ತಾವು ಬೇಡ ಎನ್ನಲೂ ಆಗದೆ ಹೂಂ ಎನ್ನಲೂ ಆಗದೆ ನೆಟ್‌ವರ್ಕ್ ಸರಿಯಿಲ್ಲ ಎಂದು ಕರೆ ಕಡಿದೆವೆಂದೂ ಹೇಳಿದರು. ಆ ನಲವತ್ತು ಪುಟಗಳ ಕಡತದಲ್ಲಿ ಇಂಥದ್ದೊಂದು ಸಾಲೂ ಇರಲಿಲ್ಲ. ಸಲಹೆಗಾರ್ತಿ ಇದನ್ನು ಹೊಗಳಲಿಲ್ಲ, ವಿಚಾರಣೆಯಲ್ಲಿ ಇದನ್ನೇ ಹೇಳಿ ಎಂದೂ ಅನ್ನಲಿಲ್ಲ. ಮುಂದಿನ ಪ್ರಶ್ನೆಗೆ ಹೋದರು. ಆ ಕ್ಷಣದಲ್ಲಿ ಅವರು ನಿರ್ದಯಿ ಎನ್ನಿಸಿತು. ಮನೆಗೆ ಬಂದ ಮೇಲೆ ಅದು ಸರಿಯೆನ್ನಿಸಿತು: ಅವರು ಬೆನ್ನು ತಟ್ಟಿದ್ದರೆ ಗೆಳೆಯರ ತಾಯಿಯ ಕಥೆಯೂ ಮರುದಿನದಿಂದ ಒಂದು ಬಾಯಿಪಾಠವೇ ಆಗಿಬಿಡುತ್ತಿತ್ತು.

ದುಭಾಷಿಯ ವಿಷಯದಲ್ಲಿ ನನ್ನ ಅನುಭವ ಮಿಶ್ರ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ವಿಧಿಗೆ ಫಾರ್ಸಿಯಲ್ಲಿ 'ಅಶಾಯೆ ರಬ್ಬಾನಿ' ಎನ್ನುತ್ತಾರೆ. ಅಶಾ ಎಂದರೆ ರಾತ್ರಿಯ ಊಟ, ಆದರೆ ಅದೇ ಅಕ್ಷರಗಳಲ್ಲಿ ಬರೆಯುವ ಎಶಾ ಎಂದರೆ ಮುಸ್ಲಿಮರ ರಾತ್ರಿಯ ನಮಾಜು. ಅಣಕು ವಿಚಾರಣೆಯಲ್ಲಿ ಗೆಳೆಯರು ಪ್ರಭುಭೋಜನದಲ್ಲಿ ಪಾಲ್ಗೊಂಡ ಮಾತನ್ನು ಕೇಂದ್ರದ ದುಭಾಷಿ 'ಸಂಜೆಯ ಪ್ರಾರ್ಥನೆಗೆ ಹೋದೆ' ಎಂದು ಜರ್ಮನ್ನಿಗೆ ತಂದರು. ನನಗೆ ಫಾರ್ಸಿ ಬಾರದು. ಗೆಳೆಯರಿಗೆ ಅಷ್ಟು ಜರ್ಮನ್ ಬರುತ್ತಿತ್ತಾದ್ದರಿಂದ ಸಿಕ್ಕಿಬಿತ್ತು, ಇಲ್ಲದಿದ್ದರೆ ಹಾಗೆಯೇ ಹೋಗುತ್ತಿತ್ತು. ಕ್ರೈಸ್ತ ಪದಗಳ ಪರಿಚಯವಿಲ್ಲದ ದುಭಾಷಿಯನ್ನು ಇದೇ ಕೆಲಸಕ್ಕೆ ಇಟ್ಟುಕೊಂಡಿರುವುದು ಕೇಂದ್ರದ ಲೋಪವೇ ಸರಿ. ಆದರೂ ಸಲಹೆಗಾರ್ತಿ ತಪ್ಪನ್ನು ಮುಚ್ಚಿಹಾಕದೆ ಅದನ್ನೇ ಪಾಠ ಮಾಡಿದರು. ವಿಚಾರಣೆಯ ಕೊನೆಗೆ ಹೇಳಿಕೆಯನ್ನೆಲ್ಲ ಫಾರ್ಸಿಯಲ್ಲಿ ಓದಿಹೇಳುತ್ತಾರೆ, ಆಗ ಎಷ್ಟೇ ದಣಿದಿದ್ದರೂ ಪೂರ್ತಿ ಕೇಳಿಸಿಕೊಳ್ಳದೆ ಸಹಿ ಹಾಕಬೇಡಿ, ಒಂದು ಪದ ತಪ್ಪಿದ್ದರೂ ನಿಲ್ಲಿಸಿ ಎಂದರು. ನಿಜವಾದ ವಿಚಾರಣೆ ನಾಲ್ಕೂವರೆ ಗಂಟೆ ನಡೆಯಿತು. ಜೊತೆಗಾರನಾಗಿ ಒಳಗೆ ಕೂರಲು ನನಗೂ ಅವಕಾಶ ಸಿಕ್ಕಿತ್ತು. ಕೊನೆಯ ಓದಿನಲ್ಲಿ ಗೆಳೆಯರು ಎರಡು ಕಡೆ ಕೈಯೆತ್ತಿ ತಿದ್ದಿಸಿದರು. ಫಲಿತಾಂಶ ಇನ್ನೂ ಬಂದಿಲ್ಲ. ಅದನ್ನು ಕಟ್ಟಿಕೊಂಡು ಕೇಂದ್ರಕ್ಕೆ ಅಂಕ ಕೊಡುವುದೂ ನ್ಯಾಯವಲ್ಲ.

ಪಾದ್ರಿಯ ಪತ್ರದ ಬಗ್ಗೆ ಕೇಂದ್ರದ ನಿಲುವು ನನಗೆ ಮೊದಲು ಅತಿ ಎನ್ನಿಸಿತ್ತು. 'ಇವರು ಪ್ರಾಮಾಣಿಕ ವಿಶ್ವಾಸಿ' ಎಂದು ಬರೆದ ಪತ್ರ ಬೇಡ, ಯಾವ ತಿಂಗಳಿಂದ ಬರುತ್ತಿದ್ದಾರೆ, ಎಷ್ಟು ಪಾಠಗಳಿಗೆ ಕೂತರು, ಚರ್ಚಿನಲ್ಲಿ ಏನು ಕೆಲಸ ಮಾಡುತ್ತಾರೆ ಎಂದು ಕಂಡದ್ದನ್ನಷ್ಟೇ ಬರೆಸಿಕೊಂಡು ಬನ್ನಿ ಎಂದರು. ಬ್ರಿಟನ್ನಿನಲ್ಲಿ ನಡೆದದ್ದನ್ನು ನೆನೆದರೆ ಈ ಎಚ್ಚರಿಕೆ ಅರ್ಥವಾಗುತ್ತದೆ. 2021ರ ನವೆಂಬರಿನಲ್ಲಿ ಲಿವರ್‌ಪೂಲಿನ ಮಹಿಳಾ ಆಸ್ಪತ್ರೆಯ ಎದುರು ಬಾಂಬ್ ಸ್ಫೋಟಿಸಿ ಸತ್ತ ವ್ಯಕ್ತಿ ಮತಾಂತರಗೊಂಡು ಅದೇ ಊರಿನ ಕ್ಯಾಥೆಡ್ರಲ್‌ನಲ್ಲಿ ಸದಸ್ಯತ್ವ ಪಡೆದಿದ್ದ ಆಶ್ರಯಾರ್ಥಿ. 2024ರ ಜನವರಿ ಕೊನೆಗೆ ಲಂಡನ್ನಿನ ಕ್ಲಾಪಮ್‌ನಲ್ಲಿ ತಾಯಿ ಮತ್ತು ಮಕ್ಕಳ ಮೇಲೆ ಕ್ಷಾರ ಎರಚಿದವನಿಗೆ ಮತಾಂತರದ ಆಧಾರದ ಮೇಲೆ ಆಶ್ರಯ ಸಿಕ್ಕಿತ್ತು. ಆ ಮೇಲೆ ಅಲ್ಲಿನ ಸಂಸತ್ತಿನ ಸಮಿತಿಯೇ ಪಾದ್ರಿಗಳನ್ನು ಕರೆಸಿ ಇಂಥ ಮತಾಂತರಗಳ ಬಗ್ಗೆ ಕೇಳಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2019ರಲ್ಲಿ ಬ್ರಿಟಿಷ್ ಗೃಹ ಇಲಾಖೆ, ಕ್ರೈಸ್ತಧರ್ಮ ಶಾಂತಿಯದು ಎಂದು ನಂಬಿ ಮತಾಂತರಗೊಂಡೆನೆಂದ ಇರಾನಿಯೊಬ್ಬರ ಅರ್ಜಿಯನ್ನು ತಳ್ಳಿಹಾಕುವಾಗ, ಬೈಬಲಿನಲ್ಲಿರುವ ಹಿಂಸೆಯ ವಾಕ್ಯಗಳನ್ನು ಆರಿಸಿ ಎದುರಿಟ್ಟಿತ್ತು. ಸುದ್ದಿಯಾದ ಮೇಲೆ ಅದು ತನ್ನ ನೀತಿಗೆ ತಕ್ಕದ್ದಲ್ಲ ಎಂದು ಒಪ್ಪಿಕೊಂಡಿತು. ಅನುಮಾನ ಒಮ್ಮೆ ಹೊಕ್ಕರೆ ಅಧಿಕಾರಿಗಳೂ ಶಾಸ್ತ್ರಾರ್ಥಕ್ಕೆ ಇಳಿಯುತ್ತಾರೆ. ಕಂಡದ್ದನ್ನು ಕಂಡಷ್ಟೇ ಬರೆದ ಪತ್ರವೊಂದೇ ಅಲ್ಲಿ ನಿಲ್ಲುವಂಥದ್ದು.

ಈ ಅನುಮಾನ ನನಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ನಾನು ಮಂಗಳೂರಿನ ಬಲ್ಮಠದ ಬಳಿ ಬೆಳೆದವನು, ನಮ್ಮ ಮನೆತನ ಬಾಸೆಲ್ ಮಿಷನ್ನಿನ ಕಾಲದಲ್ಲಿ ಕ್ರೈಸ್ತರಾದವರದು. 1834ರಲ್ಲಿ ಬಂದ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕುಲದಿಂದ ಹೊರಬಿದ್ದವರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಹೊಟ್ಟೆಪಾಡಿಗೆ ಜಾತಿ ಬಿಟ್ಟವರು ಎಂಬ ಮಾತನ್ನು ನಮ್ಮಜ್ಜಿ ಕೊನೆಯವರೆಗೂ ಮರೆತಿರಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಕುಟುಂಬದ ಆನಂದರಾವ್ ಕೌಂಡಿನ್ಯರಂಥವರ ಬಗ್ಗೆ ಹೊಟ್ಟೆಪಾಡಿನ ಮಾತು ಆಡುವಂತಿರಲಿಲ್ಲ. ನಮ್ಮ ಹಿರಿಯರ ಮನಸ್ಸಿನಲ್ಲಿ ಹಂಚು ಎಷ್ಟಿತ್ತು, ಪ್ರಾರ್ಥನೆ ಎಷ್ಟಿತ್ತು ಎಂದು ನಾನು ಇಂದು ಬಿಡಿಸಿ ಹೇಳಲಾರೆ. ಅವರಿಗೂ ಬಿಡಿಸಲು ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಗೆಳೆಯರಿಗೆ ಈ ಕಥೆ ಹೇಳಿದಾಗ ಅವರು ನಕ್ಕು, ನಿಮ್ಮಜ್ಜನಿಗೆ ವಿಚಾರಣೆ ಇತ್ತೇ ಎಂದು ಕೇಳಿದರು.

ಇನ್ನು ಕೊರತೆಗಳು. ಫೋನು ಎತ್ತುವುದು ಅಪರೂಪ, ಮೊದಲ ಭೇಟಿಗೆ ಐದು ವಾರ ಕಾಯಬೇಕಾಯಿತು. ಇದನ್ನು ಸಹಿಸಬಹುದು. ಸಹಿಸಲಾಗದ್ದು ಕಾಯುವ ಜಾಗದಲ್ಲಿ ಇಟ್ಟಿರುವ ಫಾರ್ಸಿ ಕರಪತ್ರ. ಮೊದಲ ಅರ್ಜಿ ತಿರಸ್ಕೃತವಾದ ಮೇಲೆ ಮತಾಂತರಗೊಂಡು ಎರಡನೆಯ ಅರ್ಜಿ ಹಾಕಿದರೆ ನಿರಾಶ್ರಿತರ ಸ್ಥಾನಮಾನ ಸಿಗುವುದಿಲ್ಲ ಎಂದು ಅದರಲ್ಲಿ ಖಡಾಖಂಡಿತವಾಗಿ ಅಚ್ಚಾಗಿದೆಯೆಂದು ಗೆಳೆಯರು ಓದಿ ಹೇಳಿದರು. ಜರ್ಮನಿಯ ಆಶ್ರಯ ಕಾಯ್ದೆಯ 28ನೆಯ ಕಲಮು ಸಾಮಾನ್ಯವಾಗಿ ಹಾಗೆ ಹೇಳುತ್ತದೆ, ಸರಿ. ಆದರೆ ಆಸ್ಟ್ರಿಯಾದ ಇಂಥದೇ ನಿಯಮವೊಂದರ ಬಗ್ಗೆ ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಫೆಬ್ರವರಿ 29ರಂದು ತೀರ್ಪು ಕೊಟ್ಟಿದೆ. ಆ ಪ್ರಕರಣದ ಅರ್ಜಿದಾರರೂ ಇರಾನಿನವರೇ, ಕ್ರೈಸ್ತರಾದವರೇ. ಎರಡನೆಯ ಅರ್ಜಿ ಎಂಬ ಒಂದೇ ಕಾರಣಕ್ಕೆ ತಾನಾಗಿ ನಿರಾಕರಿಸುವಂತಿಲ್ಲ, ದುರುದ್ದೇಶವಿತ್ತೇ ಎಂಬುದನ್ನು ಒಂದೊಂದು ಪ್ರಕರಣದಲ್ಲೂ ನೋಡಬೇಕು, ದುರುದ್ದೇಶ ಕಂಡುಬಂದರೂ ಹಿಂಸೆ ಕಾದಿರುವ ಊರಿಗೆ ಹಿಂದಕ್ಕೆ ಅಟ್ಟುವಂತಿಲ್ಲ ಎಂಬುದು ಅದರ ಸಾರ. ಕರಪತ್ರ ಇದಕ್ಕಿಂತ ಹಳೆಯದು. ಅದನ್ನು ಓದಿ ಬಾಗಿಲಿಂದಲೇ ತಿರುಗಿ ಹೋದವರು ಎಷ್ಟು ಮಂದಿಯೋ! ಮೂರನೆಯ ಭೇಟಿಯಲ್ಲಿ ಇದನ್ನು ತಿಳಿಸಿದೆ, ಬದಲಾಯಿಸುತ್ತೇವೆ ಎಂದರು, ಐದನೆಯ ಭೇಟಿಯಲ್ಲೂ ಅದೇ ಕಟ್ಟು ಅಲ್ಲೇ ಇತ್ತು. ಐದರಲ್ಲಿ ಒಂದು ಅಂಕ ನಾನು ಕಳೆದದ್ದು ಇದಕ್ಕೇ.

ಹೋಗುವವರಿಗೆ: ಇಲ್ಲಿ ವಕೀಲರಿಲ್ಲ, ಅರ್ಜಿ ತಿರಸ್ಕೃತವಾದರೆ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಎರಡು ವಾರ, ಕೆಲವು ಪ್ರಕರಣಗಳಲ್ಲಿ ಒಂದೇ ವಾರ ಸಿಗುವುದರಿಂದ ವಕೀಲರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಫಾರ್ಸಿ ದುಭಾಷಿ ಬರುವುದು ಮಂಗಳವಾರ ಮತ್ತು ಗುರುವಾರ. ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಮೊದಲ ದಿನ ಪ್ರಮಾಣಪತ್ರ ಒಯ್ದರೂ ಆಗುತ್ತದೆ, ಒಯ್ಯದಿದ್ದರೂ ಆಗುತ್ತದೆ.